ಏಲಕ್ಕಿ ದಾನಾ ಮತ್ತು ನಿಮ್ಮ ಹಲ್ಲು

ಪ್ರಶ್ನೆ: ಊಟವಾದ ಮೇಲೆ ಸಕ್ಕರೆ ಮೆತ್ತಿದ ಏಲಕ್ಕಿ ದಾನಾ ತಿನ್ನುವ ಅಭ್ಯಾಸವಿದೆ. ಅಂಗಡಿಯ ಗಲ್ಲಾದಲ್ಲೂ ಒಂದು ಡಬ್ಬಿ ಇಟ್ಟಿದ್ದೇನೆ. ಏಲಕ್ಕಿ ಅಲ್ಲವೇ, ಬಾಯಿ ವಾಸನೆಗೂ ಹಲ್ಲಿಗೂ ಒಳ್ಳೆಯದು ಅಂತಾರೆ. ನಿಜವೇ? (ಮಂಡ್ಯದ ಓದುಗರು)

ಉತ್ತರ: ಹಲ್ಲಿಗೆ ಒಳ್ಳೆಯದಲ್ಲ. ಮೈಸೂರಿನ ನನ್ನ ಕ್ಲಿನಿಕ್ಕಿನಲ್ಲೂ ಇದನ್ನೇ ಕೇಳುತ್ತಾರೆ, ಹೇಳಿ ಹೇಳಿ ಸಾಕಾಗಿದೆ. ನಾಲ್ಕು ಕಾಳು ನೀರಿಗೆ ಹಾಕಿ ನೋಡಿ. ಬಿಳಿಯದೆಲ್ಲ ಕರಗಿದ ಮೇಲೆ ತಳದಲ್ಲಿ ಉಳಿಯುವುದು ಪುಟ್ಟ ಕಪ್ಪು ಬೀಜ. ಅಗ್ಗದ ಮಾಲಿನಲ್ಲಿ ಕೆಲವೊಮ್ಮೆ ಅದೂ ಇರುವುದಿಲ್ಲ, ಬರೀ ಸಕ್ಕರೆ ಮತ್ತು ಎಸೆನ್ಸು. ತಿರುಗುವ ಬಾಣಲೆಯಲ್ಲಿ ಬೀಜದ ಮೇಲೆ ಪಾಕ ಚಿಮುಕಿಸಿ ಒಣಗಿಸಿ, ಮತ್ತೆ ಚಿಮುಕಿಸಿ, ಪದರ ಪದರವಾಗಿ ಕಟ್ಟಿದ ಸಕ್ಕರೆ ಅದು.

ಬಾಯಿಯ ಬ್ಯಾಕ್ಟೀರಿಯಾ ಈ ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಹುಳಿಯ ಅಳತೆಯಾದ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮಲ್, ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ನಿಮ್ಮ ಕೈ ಮತ್ತೆ ಡಬ್ಬಿಗೆ ಹೋಗಿರುತ್ತದೆ. ಊಟದ ಬೆನ್ನಿಗೇ ಒಂದು ಚಿಟಿಕೆ ತಿಂದು ಮುಗಿಸಿದರೆ ನನ್ನ ತಕರಾರಿಲ್ಲ. ಗಲ್ಲಾದ ಡಬ್ಬಿ ಮಾತ್ರ ಇವತ್ತೇ ತೆಗೆಯಿರಿ. ನಿಮ್ಮಂಥ ಒಬ್ಬ ವ್ಯಾಪಾರಿ ಕಾಳನ್ನು ಸದಾ ಎಡಗೆನ್ನೆಯಲ್ಲಿ ಒತ್ತಿಟ್ಟುಕೊಳ್ಳುತ್ತಿದ್ದರು. ಎಡದವಡೆಯ ಮೂರು ಹಲ್ಲು ಒಸಡಿನ ಅಂಚಿನಲ್ಲೇ ಕಂದಾಗಿ ಗುಳಿಬಿದ್ದಿದ್ದವು. ಬಲಗಡೆ ಏನೂ ಆಗಿರಲಿಲ್ಲ.

ಇನ್ನು ವಾಸನೆ. ಅದು ಹೆಚ್ಚಾಗಿ ನಾಲಿಗೆಯ ಹಿಂಭಾಗದ ಬಿಳಿ ಪಾಚಿಯಿಂದ, ಒಸಡಿನ ಕಾಯಿಲೆಯಿಂದ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಗಂಧಕದ ಅನಿಲ ಬಿಡುತ್ತವೆ. ಏಲಕ್ಕಿಯ ಪರಿಮಳ ಅದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ. ನಾಲಿಗೆ ಕೆರೆಯಿರಿ, ಉಂಡ ಮೇಲೆ ಬಾಯಿ ಮುಕ್ಕಳಿಸಿ. ಪರಿಮಳ ಬೇಕೇ ಬೇಕೆಂದರೆ ಒಂದು ಏಲಕ್ಕಿ ಸುಲಿದು ಬರೀ ಬೀಜ ಅಗಿಯಿರಿ. ಎರಡು ವಾರದಲ್ಲೂ ವಾಸನೆ ಹೋಗದಿದ್ದರೆ ಒಸಡು ತೋರಿಸಿ.

ಪ್ರಶ್ನೆ: ಬೆಲ್ಲ ಮೆತ್ತಿದ್ದು ತಿನ್ನಬಹುದೇ?

ಉತ್ತರ: ಬ್ಯಾಕ್ಟೀರಿಯಾಕ್ಕೆ ಮಂಡ್ಯದ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ.

ಪ್ರಶ್ನೆ: ಎರಡು ವರ್ಷದ ಮೊಮ್ಮಗಳಿಗೆ?

ಉತ್ತರ: ಬೇಡವೇ ಬೇಡ. ಗಟ್ಟಿ ಕಾಳು ಉಸಿರಿನ ನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಸಂತೆಯಲ್ಲಿ ಹೊಗೆ ಹಾಕಿ ಹಲ್ಲಿನ ಹುಳ ತೆಗೆಯುತ್ತಾರೆ. ಮಾಡಿಸಲೇ?

ಉತ್ತರ: ಹುಳುಕು ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಅಂಗೈಯಲ್ಲಿ ತೋರಿಸುವ ಹುಳ ಶುದ್ಧ ಮೋಸ. ಅದನ್ನು ನಂಬಿ ತಿಂಗಳು ಕಾದವರು ಕೊನೆಗೆ ನನ್ನ ಹತ್ತಿರ ಬರುವುದು ದವಡೆ ಊದಿಸಿಕೊಂಡು, ಜ್ವರ ಹೊತ್ತುಕೊಂಡು. ನೋವಿದ್ದರೆ ಸಂತೆಯ ದಿನಕ್ಕೆ ಕಾಯದೆ ನಾಳೆಯೇ ದಂತವೈದ್ಯರ ಹತ್ತಿರ ಹೋಗಿ.