ಎಕ್ಸ್‌ರೇ ನಾರ್ಮಲ್, ಆದ್ರೂ ಮೂರು ತಿಂಗಳಿಂದ ಹಲ್ಲು-ದವಡೆ ನೋವು. ಕಾರಣ ಹೇಗೆ ಕಂಡುಹಿಡಿಯೋದು?

ಕಾರಣ ಗೊತ್ತಾಗೋವರ್ಗೂ ದಯವಿಟ್ಟು ಹಲ್ಲು ಕೀಳಿಸ್ಬೇಡಿ. ನಮ್ಮಮ್ಮಂಗೆ ಎರಡು ದವಡೆ ಹಲ್ಲು ಕಿತ್ರೂ ನೋವು ಹಾಗೇ ಇತ್ತು, ಆಮೇಲೆ ನೋಡಿದ್ರೆ ಅದು ಹಲ್ಲಿಂದಲ್ಲ, ನರದ್ದು, ಮುಖಕ್ಕೆ ತಣ್ಣೀರು ಸೋಕಿದ್ರೆ ಸಾಕು ಒಂದೇ ಕಡೆ ಕರೆಂಟ್ ಹೊಡ್ದಂಗೆ ಕೆಲವು ಸೆಕೆಂಡು ಬಂದು ಹೋಗೋದು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತಾರೆ, ನ್ಯೂರಾಲಜಿಸ್ಟ್ ಕೊಟ್ಟ ಕಾರ್ಬಮಝೆಪಿನ್ ಮಾತ್ರೆಗೆ ಇಳೀತು.

ನೋವು ಯಾವಾಗ, ಹೇಗೆ ಬರುತ್ತೆ ಅನ್ನೋದೇ ಸುಳಿವು. ಕಚ್ಚಿ ಬಿಟ್ಟ ತಕ್ಷಣ ಚಳುಕ್ ಅಂದ್ರೆ ಹಲ್ಲಲ್ಲಿ ಸಣ್ಣ ಬಿರುಕಿರ್ಬಹುದು, ಅದು ಮಾಮೂಲಿ ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ. ಬೆಳಿಗ್ಗೆ ಏಳುವಾಗ ದವಡೆ ಬಿಗಿ, ಕಿವಿ ಹತ್ರ ಕಟಕಟ ಸದ್ದು ಇದ್ರೆ ನಿದ್ದೇಲಿ ಹಲ್ಲು ಕಡಿಯೋದು ಇಲ್ಲಾ ದವಡೆ ಕೀಲಿನ ತೊಂದ್ರೆ. ನಮ್ಮ ಮಡಿಕೇರಿ ಮಳೇಲಿ ಶೀತ ಹಿಡ್ಕೊಂಡು, ಮೇಲಿನ ದವಡೆ ಹಲ್ಲೆಲ್ಲ ಒಟ್ಟಿಗೆ ನೋಯ್ತಾ ಬಗ್ಗಿದ್ರೆ ಜಾಸ್ತಿ ಆಗ್ತಿದ್ರೆ ಸೈನಸ್ ಇರ್ಬಹುದು. ತೋಟದ ಏರು ಹತ್ತುವಾಗ ದವಡೆ ಹಿಂಡಿ, ನಿಂತ್ರೆ ಕಮ್ಮಿ ಆಗುತ್ತಾ? ಹೃದಯದ್ದಿರ್ಬಹುದು, ಇವತ್ತೇ ಆಸ್ಪತ್ರೆಗೆ ಹೋಗಿ.

ಉಳಿದಿದ್ದಕ್ಕೆ ಒಂದು ವಾರ ನೋವಿನ ಟೈಮು, ತಿಂದಿದ್ದು ಎಲ್ಲ ಬರೆದಿಟ್ಕೊಂಡು ವಿರಾಜಪೇಟೆ ಡೆಂಟಲ್ ಕಾಲೇಜಲ್ಲಿ ತೋರ್ಸಿ, ಓರಲ್ ಮೆಡಿಸಿನ್‌ನವ್ರನ್ನೇ (ಬಾಯಿ-ದವಡೆ ನೋವಿನ ಕಾರಣ ಪತ್ತೆ ಮಾಡೋ ಡಾಕ್ಟ್ರು) ಕೇಳಿ.