ಕಾಲೇಜಿಗೆ ಮೂರು ವರ್ಷ, ಕೋರ್ಸಿಗೆ ನಾಲ್ಕು: ಹಾಗಾದರೆ ಕೆಲಸ ಸಿಕ್ಕಿದ್ದು ಯಾರಿಗೆ?

ಪ್ರಶ್ನೆ: ಸರ್, ನಾವು ಬ್ಯಾಡಗಿ ತಾಲ್ಲೂಕಿನವರು. ಮಗಳು ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆದಿದ್ದಾಳೆ. ಬಿ.ಫಾರ್ಮ, ಅಂದರೆ ಫಾರ್ಮಸಿ ಪದವಿ ಓದಬೇಕೆಂದು ಅವಳದೇ ಹಟ. ಸಿಇಟಿ ನಡೆಸುವ ಕೆಇಎಯಿಂದ ಹುಬ್ಬಳ್ಳಿ-ಧಾರವಾಡದ ಒಂದು ಹಳೇ ಕಾಲೇಜಿನಲ್ಲಿ ಸೀಟು ಬಂದಿದೆ. ಕಟ್ಟಡ ಹಳೇದು, ಹಾಸ್ಟೆಲ್ ಭರ್ತಿ. ಫೀ ವರ್ಷಕ್ಕೆ 70 ಸಾವಿರ, ಪಿಜಿಗೆ ತಿಂಗಳಿಗೆ 6 ಸಾವಿರ. ಇನ್ನೊಂದು ಗದಗ ಕಡೆಯ ಹೊಸ ಕಾಲೇಜು, ಶುರುವಾಗಿ 3 ವರ್ಷ ಆಗಿದೆ. ಮ್ಯಾನೇಜ್‌ಮೆಂಟ್ ಸೀಟು. ಹಾಸ್ಟೆಲ್, ಊಟ ಸೇರಿ 1 ಲಕ್ಷ 20 ಸಾವಿರ. ಈ ವಾರವೇ ಕಟ್ಟಿದರೆ 20 ಸಾವಿರ ಬಿಡುತ್ತೇವೆ ಅಂದರು. ಲ್ಯಾಬಿಗೆಲ್ಲ ಎಸಿ ಇದೆ. ಬಿ.ಫಾರ್ಮ ಮುಗಿಸಿದವರಿಗೆ ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಬ್ಯಾನರ್ ಹಾಕಿದ್ದಾರೆ. ನಮ್ಮ ಮಾವನವರು ಮಾತ್ರ ‘ಎರಡೂ ಬೇಡ, ಡಿ.ಫಾರ್ಮ ಡಿಪ್ಲೊಮಾ ಮಾಡಿಸಿ ಊರಲ್ಲೇ ಮೆಡಿಕಲ್ ಹಾಕಿಕೊಡು’ ಅನ್ನುತ್ತಾರೆ. ಮೆಣಸಿನಕಾಯಿ ರೇಟು ಈ ಸಲ ಕೈ ಕೊಟ್ಟಿದೆ. ತಪ್ಪು ಮಾಡುವ ಹಾಗಿಲ್ಲ. ಯಾವುದಕ್ಕೆ ಸೇರಿಸಲಿ?

ಉತ್ತರ: ನೀವು ಎರಡೂ ಕಾಲೇಜಿನ ಹೆಸರು ಬರೆದಿದ್ದಿರಿ. ಇಲ್ಲಿ ತೆಗೆದಿದ್ದೇನೆ. ಸುಮ್ನೆ ಹಳೇದು, ಹೊಸದು ಅಂತ ಕರೆಯೋಣ.

ಮೊದಲು ಆ ಬ್ಯಾನರ್ ವಿಚಾರ ಮುಗಿಸೋಣ. ಬಿ.ಫಾರ್ಮ 4 ವರ್ಷದ ಕೋರ್ಸು, 8 ಸೆಮಿಸ್ಟರ್. ಕಾಲೇಜಿಗೆ ಆಗಿರುವುದು 3 ವರ್ಷ. ಅಂದರೆ ಅಲ್ಲಿಂದ ಇನ್ನೂ ಒಬ್ಬರೂ ಬಿ.ಫಾರ್ಮ ಮುಗಿಸಿ ಹೊರಗೆ ಬಂದಿಲ್ಲ. ಹಾಗಾದರೆ ನೂರಕ್ಕೆ ನೂರು ಕೆಲಸ ಸಿಕ್ಕಿದ್ದು ಯಾರಿಗೆ? ಅಲ್ಲಿ ಡಿ.ಫಾರ್ಮ ಕೂಡ ಇದ್ದರೆ, ಆ 2 ವರ್ಷದ ಕೋರ್ಸಿನ ಹುಡುಗರು ಮೆಡಿಕಲ್ ಶಾಪ್‌ಗಳಿಗೆ ಸೇರಿರಬಹುದು. ಅದನ್ನೇ ಲೆಕ್ಕಕ್ಕೆ ಹಿಡಿದಿರಬಹುದು. ಆದರೆ ನಿಮ್ಮ ಮಗಳು ಹೋಗುತ್ತಿರುವುದು ಅದಕ್ಕಲ್ಲ, ಅಲ್ವಾ?

ಇದರಿಂದ ಹೊಸ ಕಾಲೇಜು ಕೆಟ್ಟದ್ದು ಅಂತಾಗುವುದಿಲ್ಲ. ಹೊಸ ಫಾರ್ಮಸಿ ಕಾಲೇಜುಗಳು ಈಚೆಗೆ ಒಮ್ಮೆಲೇ ಹುಟ್ಟಿಕೊಂಡಿದ್ದಕ್ಕೆ ಒಂದು ಕಾರಣವಿದೆ. ಕಾಲೇಜುಗಳು ಜಾಸ್ತಿಯಾದವು, 5 ವರ್ಷ ಹೊಸದು ಬೇಡ ಅಂತ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ, 2019ರಲ್ಲಿ ತೀರ್ಮಾನ ಮಾಡಿತ್ತು. ಅದು ಕೋರ್ಟಿಗೆ ಹೋಯಿತು. ಹೈಕೋರ್ಟುಗಳು ಆ ತಡೆಯನ್ನು ಒಪ್ಪಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕೂಡ ಪಿಸಿಐ ಮೇಲ್ಮನವಿಯನ್ನು ತಳ್ಳಿಹಾಕಿತು. ಬಾಗಿಲು ತೆರೆದ ಮೇಲೆ ಬಂದ ಕಾಲೇಜುಗಳಲ್ಲಿ ಒಳ್ಳೆಯವೂ ಇವೆ. ಒಂದು ಮಹಡಿ ಕಟ್ಟಿ ಬೋರ್ಡು ಬರೆಸಿದವೂ ಇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಬಹಳ ಜನ ತಂದೆ-ತಾಯಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಬಿ.ಫಾರ್ಮ ಪಠ್ಯಕ್ರಮವನ್ನು ಪಿಸಿಐ ಇಡೀ ದೇಶಕ್ಕೆ ಒಂದೇ ಮಾಡಿಟ್ಟಿದೆ. ಬೆಂಗಳೂರಾಗಲಿ, ಗದಗವಾಗಲಿ, ನಾಲ್ಕನೇ ಸೆಮಿಸ್ಟರಿನಲ್ಲಿ ಫಾರ್ಮಕಾಲಜಿ, ಅಂದರೆ ಔಷಧ ದೇಹದಲ್ಲಿ ಏನು ಮಾಡುತ್ತದೆ ಅನ್ನುವ ವಿಷಯ ಶುರುವಾಗುತ್ತದೆ. ಏಳನೆಯದರಲ್ಲಿ ಉಪಕರಣಗಳಿಂದ ಔಷಧವನ್ನು ವಿಶ್ಲೇಷಿಸುವ ವಿಷಯ ಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಡಿಗ್ರಿ ಸರ್ಟಿಫಿಕೇಟಿನ ಮೇಲಿನ ಹೆಸರೂ ಒಂದೇ. ಡೀಮ್ಡ್ ಅಥವಾ ಖಾಸಗಿ ವಿಶ್ವವಿದ್ಯಾಲಯದ ಕಾಲೇಜಾದರೆ ಮಾತ್ರ ಪರೀಕ್ಷೆ, ಡಿಗ್ರಿ ಅವರದೇ. ಹಾಗಾಗಿ ‘ಅಲ್ಲಿ ಏನು ಕಲಿಸುತ್ತಾರೆ’ ಅಂತ ಕೇಳಿ ಉಪಯೋಗವಿಲ್ಲ. ಯಾರು ಕಲಿಸುತ್ತಾರೆ, ಮಗಳ ಕೈಯಿಂದ ಏನು ಮಾಡಿಸುತ್ತಾರೆ ಅನ್ನುವುದನ್ನು ನೋಡಬೇಕು.

ಅದಕ್ಕೆ ನನ್ನ ಸಲಹೆ ಇಷ್ಟೇ. ಮಗಳನ್ನು ಕರೆದುಕೊಂಡು ಎರಡೂ ಕಡೆ ಹೋಗಿ. ಭಾನುವಾರ ಬೇಡ, ಓಪನ್ ಡೇ ಇಟ್ಟ ದಿನವೂ ಬೇಡ. ವಾರದ ನಡುವೆ, ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಪ್ರಾಕ್ಟಿಕಲ್ ನಡೆಯುವುದು ಹೆಚ್ಚಾಗಿ ಆಗಲೇ. ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ ಕೊಟ್ಟರೆ ಕುಡಿಯಿರಿ, ಆದರೆ ಅಲ್ಲೇ ಕೂತು ಎದ್ದು ಬರಬೇಡಿ. ಫಾರ್ಮಸ್ಯೂಟಿಕ್ಸ್ ಲ್ಯಾಬ್ ನೋಡುತ್ತೇವೆ ಅನ್ನಿ.

ಅಲ್ಲಿ ಮಾತ್ರೆ ಒತ್ತುವ ಯಂತ್ರ ಇರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಧೂಳು ಇದ್ದರೆ ಅರ್ಥ ಮಾಡಿಕೊಳ್ಳಿ. ಸುತ್ತ ಬಿಳಿ ಪುಡಿ ಬಿದ್ದಿದ್ದರೆ, ಯಾರೋ ಹುಡುಗಿ ಜರಡಿ ಹಿಡಿದು ನಿಂತಿದ್ದರೆ ಖುಷಿಪಡಿ. ದೊಡ್ಡ ಉಪಕರಣಗಳ ಪಕ್ಕದಲ್ಲಿ ಒಂದು ಲಾಗ್ ಬುಕ್ ಇರಬೇಕು. ಯಾರು, ಯಾವತ್ತು, ಯಾಕೆ ಬಳಸಿದರು ಅಂತ ಅದರಲ್ಲಿ ಬರೆದಿರುತ್ತಾರೆ. ಎಚ್‌ಪಿಎಲ್‌ಸಿ ಅನ್ನುವ, ಔಷಧದಲ್ಲಿ ಯಾವ ಅಂಶ ಎಷ್ಟಿದೆ ಅಂತ ಅಳೆಯುವ ಯಂತ್ರ ದುಬಾರಿ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ನೀವು ಯಂತ್ರ ನೋಡಬೇಡಿ, ಅದರ ಪುಸ್ತಕದ ಕೊನೆಯ ಪುಟದ ತಾರೀಖು ನೋಡಿ. ಎಸಿ ಇರುವುದು ಯಂತ್ರಕ್ಕೆ ಒಳ್ಳೆಯದೇ. ಆದರೆ ಎಸಿ ಕೋಣೆಗೆ ಬೀಗ ಹಾಕಿಟ್ಟಿದ್ದರೆ ಮಕ್ಕಳಿಗೆ ಅದರಿಂದ ಏನು ಬಂತು?

ಮಾತ್ರೆ ಒತ್ತುವುದನ್ನೇ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಾನು 28 ವರ್ಷ ಕಲಿಸಿದ್ದು ಅದನ್ನೇ. ಮೊದಲ ಸಲ ಮಾಡುವ ಮಕ್ಕಳ ಮಾತ್ರೆ ಎಷ್ಟೋ ಸಲ ಮೇಲಿನಿಂದ ಟೊಪ್ಪಿಗೆಯ ಹಾಗೆ ಕಳಚಿ ಬರುತ್ತದೆ. ಇದಕ್ಕೆ ಕ್ಯಾಪಿಂಗ್ ಅನ್ನುತ್ತಾರೆ. ಪುಡಿ ತೀರಾ ಒಣಗಿದ್ದರೆ, ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಅಂಟು ಸಾಲದಿದ್ದರೆ ಹೀಗಾಗುತ್ತದೆ. ಎಸರು ಕಡಿಮೆಯಾದ ಹಿಟ್ಟಿನಲ್ಲಿ ಜೋಳದ ರೊಟ್ಟಿ ಬಡಿದರೆ ಅಂಚು ಸೀಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಪುಸ್ತಕದಲ್ಲಿ ಇದು ನಾಲ್ಕು ಸಾಲು. ಆದರೆ ಗೋವಾದ ವೆರ್ಣಾದಲ್ಲೋ ಹೈದರಾಬಾದಿನಲ್ಲೋ ಕಾರ್ಖಾನೆಯ ಸಂದರ್ಶನಕ್ಕೆ ಕೂತಾಗ ಕೇಳುವುದು ಇದನ್ನೇ. ಒಮ್ಮೆ ಕೈಯಾರೆ ಕೆಡಿಸಿ ಸರಿಮಾಡಿದ ಹುಡುಗಿ ತಡಬಡಿಸದೆ ಹೇಳುತ್ತಾಳೆ. ಬರೀ ರೆಕಾರ್ಡ್ ಬುಕ್ ನಕಲು ಮಾಡಿದವಳು ಆ ನಾಲ್ಕು ಸಾಲು ಒಪ್ಪಿಸುತ್ತಾಳೆ. ಎದುರಿಗೆ ಕೂತವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ಹಿರಿಯ ವಿದ್ಯಾರ್ಥಿಗಳ ಹತ್ತಿರ ಮಗಳೇ ಮಾತಾಡಲಿ. ನೀವು ಸ್ವಲ್ಪ ದೂರ ನಿಲ್ಲಿ. ಅಪ್ಪಂದಿರ ಎದುರು ಯಾರೂ ನಿಜ ಹೇಳುವುದಿಲ್ಲ. ‘ಅಕ್ಕಾ, ಮಾತ್ರೆ ನೀವೇ ಒತ್ತಿದ್ರಾ, ತೋರಿಸಿದ್ರಾ? ಒಂದು ಬ್ಯಾಚಿನಲ್ಲಿ ಎಷ್ಟು ಜನ? ಈ ವರ್ಷ ಎಷ್ಟು ಮೇಷ್ಟ್ರು ಬಿಟ್ಟು ಹೋದರು?’ ಇಷ್ಟು ಕೇಳಲಿ. ಬ್ಯಾಚಿನಲ್ಲಿ 20ರ ಆಸುಪಾಸು ಇದ್ದರೆ ಸರಿ. 50 ಜನ ಒಂದು ಯಂತ್ರದ ಸುತ್ತ ನಿಂತರೆ ಹಿಂದಿನವರಿಗೆ ಮುಂದಿನವರ ಏಪ್ರನ್ ಮಾತ್ರ ಕಾಣುತ್ತದೆ. ಮೇಷ್ಟ್ರ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಇನ್‌ಸ್ಪೆಕ್ಷನ್ ದಿನ ಮಾತ್ರ ಕಾಣಿಸಿಕೊಳ್ಳುವ ಮೇಷ್ಟ್ರುಗಳು ಇರುತ್ತಾರೆ. ಇದು ಹೊಸ ಕಾಲೇಜುಗಳ ರೋಗ ಮಾತ್ರ ಅಲ್ಲ, ಹಳೇ ಹೆಸರಿನ ಮೇಲೆ ಬದುಕುವ ಕಾಲೇಜುಗಳಲ್ಲೂ ಉಂಟು.

ಔಷಧ ಗಿಡಗಳ ತೋಟವನ್ನೂ ತೋರಿಸಿ ಅನ್ನಿ. ಕೆಲವು ಕಡೆ ಅದು ಎರಡು ಲೋಳೆಸರ, ಒಂದು ತುಳಸಿ ಇರುವ ಮೂರು ಕುಂಡ. ನಕ್ಕು ಮುಂದೆ ಹೋಗಿ.

ಇನ್ನು ಕಾಗದಪತ್ರ. ಪಿಸಿಐ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು, ಕೋರ್ಸು, ಎಷ್ಟು ಸೀಟು, ಯಾವ ವರ್ಷದವರೆಗೆ ಅನುಮತಿ ಅನ್ನುವುದು ಇರುತ್ತದೆ. ಹೊಸ ಕಾಲೇಜಿಗೆ ಮೊದಲು ಸಿಗುವುದು ಕೋರ್ಸು ನಡೆಸುವ ಅನುಮತಿ. ಫಾರ್ಮಸಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪೂರ್ತಿ ಅನುಮೋದನೆ ಸಿಗುವುದು ಮೊದಲ ಬ್ಯಾಚು ಕೊನೆಯ ಹಂತಕ್ಕೆ ಬಂದಾಗ. ಪದವಿ ಮುಗಿಸಿ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಲು ಆ ಅನುಮೋದನೆ ಬೇಕು. ನಿಮ್ಮ ಹೊಸ ಕಾಲೇಜು ಈಗ ಆ ಹೊಸ್ತಿಲಲ್ಲೇ ನಿಂತಿದೆ. ಯಾವ ಹಂತದಲ್ಲಿದೆ ಅಂತ ನೇರವಾಗಿ ಕೇಳಿ, ಪತ್ರ ತೋರಿಸಲು ಹೇಳಿ. ಸರಿಯಾಗಿ ನಡೆಸುವವರು ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ ನೋಡೋಣ. ಹಳೇದಕ್ಕೆ ಫೀ 70 ಸಾವಿರ, ಪಿಜಿ 10 ತಿಂಗಳಿಗೆ 60 ಸಾವಿರ. ವರ್ಷಕ್ಕೆ 1.30 ಲಕ್ಷ, 4 ವರ್ಷಕ್ಕೆ 5.20 ಲಕ್ಷ. ಹೊಸದರಲ್ಲಿ ಆ 20 ಸಾವಿರದ ರಿಯಾಯಿತಿ 4 ವರ್ಷವೂ ಇದ್ದರೆ 4 ಲಕ್ಷ. ಮೊದಲ ವರ್ಷ ಮಾತ್ರ ಆದರೆ 4.60 ಲಕ್ಷ. ಎರಡನೇ ವರ್ಷ ‘ಲ್ಯಾಬ್ ಫೀ, ಯೂನಿಫಾರ್ಮ್ ಫೀ, ಟ್ರೈನಿಂಗ್ ಫೀ’ ಅಂತ ಸೇರಿಸಿದರೆ? ಆ ಅಂತರ ಎಲ್ಲಿ ಉಳಿಯಿತು? ಬಾಯಿಮಾತು ಬೇಡ. 4 ವರ್ಷದ್ದೂ ಬರೆಸಿಕೊಳ್ಳಿ, ಕಟ್ಟಿದ್ದಕ್ಕೆಲ್ಲ ರಸೀದಿ ಪಡೆಯಿರಿ. ‘ಈ ವಾರವೇ’ ಅನ್ನುವ ಅವಸರ ಸೀರೆ ಅಂಗಡಿಗೆ ಸರಿ, ಕಾಲೇಜಿಗಲ್ಲ.

ಮೂಲ ಅಂಕಪಟ್ಟಿಗಳನ್ನೂ ಕೊಟ್ಟು ಬರಬೇಡಿ. ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು. ನನ್ನ ತಂಗಿಯ ಮಗನ ಅಂಕಪಟ್ಟಿಯನ್ನು ಒಂದು ಕಾಲೇಜು ಇಟ್ಟುಕೊಂಡು, ಬೇರೆ ಕಡೆ ಸೀಟು ಬಂದಾಗ ಪೂರ್ತಿ ಫೀ ಕಟ್ಟಿ ಒಯ್ಯಿರಿ ಅಂದಿತ್ತು. ಹದಿನೈದು ದಿನ ಅಲೆದಿದ್ದೇವೆ. ನಾನು ಇದೇ ಕ್ಷೇತ್ರದವನಾಗಿದ್ದೂ ಇಷ್ಟು ಆಯಿತು.

ಇನ್ನೊಂದು ಮಾತು. ನಿಮ್ಮ ಕೆಇಎ ಸೀಟು ಸರ್ಕಾರಿ ಕೋಟಾದ್ದು. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ಇದು ಲೆಕ್ಕಕ್ಕೆ ಬರುತ್ತದೆ. ಮ್ಯಾನೇಜ್‌ಮೆಂಟ್ ಸೀಟಿಗೂ ಅದೆಲ್ಲ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಪ್ರವರ್ಗಕ್ಕೆ ಏನು ಸಿಗುತ್ತದೆ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿಯೇ ಕೆಇಎ ಸೀಟು ಬಿಡುವುದೋ ಇಟ್ಟುಕೊಳ್ಳುವುದೋ ನೋಡಿ.

ಓಡಾಟಕ್ಕೂ ಹಳೇದೇ ಅನುಕೂಲ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ನೇರ ರೈಲು ಇದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಮಗಳಿಗೆ ಟಿಕೆಟ್ ಖರ್ಚೂ ಇಲ್ಲ. ಆಸ್ಪತ್ರೆ ವಿಚಾರದಲ್ಲಿ ಎರಡೂ ಸಮ. ಹುಬ್ಬಳ್ಳಿಯಲ್ಲಿ ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವ ದೊಡ್ಡಾಸ್ಪತ್ರೆ ಇದೆ, ಗದಗದಲ್ಲಿ ಜಿಮ್ಸ್ ಇದೆ. ಆರನೇ ಸೆಮಿಸ್ಟರ್ ಆದ ಮೇಲೆ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ 150 ಗಂಟೆ ತರಬೇತಿ ಮಾಡಬೇಕು. ಹಳೇ ಕಾಲೇಜಿನ ನಿಜವಾದ ಆಸ್ತಿ ಕಾಣುವುದು ಆಗ. ಕಾರ್ಖಾನೆಗಳಲ್ಲಿ ಅವರ ಹಳೇ ಹುಡುಗರು ಕೂತಿರುತ್ತಾರೆ. ಒಂದು ಫೋನಿಗೆ ಹತ್ತು ಮಕ್ಕಳಿಗೆ ಜಾಗ ಆಗುತ್ತದೆ. ಹೊಸ ಕಾಲೇಜಿಗೆ ಈ ಬಳಗ ಇನ್ನೂ ಇಲ್ಲ.

ನಿಮ್ಮ ಮಾವನವರ ಮಾತನ್ನು ತಳ್ಳಿಹಾಕಬೇಡಿ. ಮೆಡಿಕಲ್ ಹಾಕುವುದಷ್ಟೇ ಗುರಿಯಾದರೆ ಡಿ.ಫಾರ್ಮ ಸಾಕು. 2 ವರ್ಷ ಓದು, ಆಮೇಲೆ 500 ಗಂಟೆ ತರಬೇತಿ, ಈಗ ಅದರ ಮೇಲೊಂದು ಎಕ್ಸಿಟ್ ಪರೀಕ್ಷೆಯ ನಿಯಮವೂ ಬಂದಿದೆ. ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಆದರೆ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ, ಮುಂದೆ ಎಂ.ಫಾರ್ಮ, ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆ, ಇವಕ್ಕೆಲ್ಲ ಬಿ.ಫಾರ್ಮ ಬೇಕು. ಅದೂ ಅಲ್ಲದೆ ಬಿ.ಫಾರ್ಮ ಆದವರೂ ಮೆಡಿಕಲ್ ಹಾಕಬಹುದು. ಓದುವ ಹಟ ಮಗಳದ್ದೇ ಅಂದಿರಿ. ಓದಿಸಿ.

ನನ್ನ ಆಯ್ಕೆ ಕೇಳಿದರೆ ಹಳೇದು. ಒಂದೇ ಷರತ್ತು: ಅಲ್ಲಿನ ಹಿರಿಯ ಮೇಷ್ಟ್ರುಗಳು ಇನ್ನೂ ಅಲ್ಲೇ ಇರಬೇಕು. ನೀವು ಹೋದ ದಿನ ಲ್ಯಾಬ್ ಖಾಲಿ ಹೊಡೆಯುತ್ತಿದ್ದು, ಹೊಸದರಲ್ಲಿ ಮಕ್ಕಳ ಕೈಗೆ ಪುಡಿ ಮೆತ್ತಿದ್ದರೆ, ನನಗೆ ಒಂದು ಕಾರ್ಡು ಹಾಕಿ. ಮಾತು ಬದಲಿಸಲು ನನಗೇನೂ ನಾಚಿಕೆಯಿಲ್ಲ.

ಪ್ರಶ್ನೆ: ರಾಣೆಬೆನ್ನೂರಿನ ವಿದ್ಯಾರ್ಥಿ ನಾನು. ಬಿ.ಫಾರ್ಮ ಬಿಟ್ಟು ಫಾರ್ಮ್.ಡಿ ಮಾಡಿದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳಬಹುದಂತೆ. ಹೌದಾ ಸರ್?

ಉತ್ತರ: ತಮ್ಮಾ, ಹೆಸರಿನ ಮುಂದೆ ಏನಿದ್ದರೂ ರೋಗಿಗೆ ಔಷಧ ಬರೆದು ಚಿಕಿತ್ಸೆ ಕೊಡುವ ಅಧಿಕಾರ ಫಾರ್ಮ್.ಡಿಯಿಂದ ಬರುವುದಿಲ್ಲ. ಡಾಕ್ಟರ್ ಬರೆದ ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ, ಪ್ರಮಾಣ ಸರಿಯೇ, ಅಡ್ಡಪರಿಣಾಮ ಏನಾಯಿತು ಅಂತ ವಾರ್ಡಿನಲ್ಲಿ ನಿಂತು ನೋಡುವ ಕೆಲಸ ಅದು. ಕೆಲಸ ಒಳ್ಳೆಯದು. ಆದರೆ 6 ವರ್ಷ ಬೇಕು, ಕೊನೆಯ ವರ್ಷ ಇಂಟರ್ನ್‌ಶಿಪ್. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಅಂಥ ಹುದ್ದೆಗಳು ಇನ್ನೂ ಕಡಿಮೆ. ರೋಗಿಗಳ ನಡುವೆ ಇರುವುದು ನಿನಗೆ ಇಷ್ಟವಾದರೆ ಮಾತ್ರ ಸೇರು. ಸೇರುವ ಮುಂಚೆ ಒಂದೇ ಒಂದು ವಿಷಯ ನೋಡು. ಈ ಕೋರ್ಸಿಗೆ ಕನಿಷ್ಠ 300 ಹಾಸಿಗೆಯ ಆಸ್ಪತ್ರೆಯ ಜೋಡಣೆ ಬೇಕು. ಅದು ಕಾಗದದಲ್ಲಿ ಮಾತ್ರ ಇದೆಯೋ, ಮಕ್ಕಳು ದಿನಾ ಬೆಳಿಗ್ಗೆ ವಾರ್ಡಿಗೆ ಹೋಗುತ್ತಾರೋ? ಆಸ್ಪತ್ರೆಯ ನರ್ಸುಗಳನ್ನು ಕೇಳು. ಅವರಿಗೆ ಎಲ್ಲಾ ಗೊತ್ತಿರುತ್ತದೆ.

ಪ್ರಶ್ನೆ: ಡಿ.ಫಾರ್ಮ ಮುಗಿಸಿ ನೋಂದಣಿ ಆಗಿದೆ. ನಮ್ಮೂರಿನ ಒಂದು ಅಂಗಡಿಯವರು ‘ನೀನು ಬರೋದು ಬೇಡ, ಸರ್ಟಿಫಿಕೇಟ್ ಮಾತ್ರ ಕೊಡು, ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ’ ಅನ್ನುತ್ತಿದ್ದಾರೆ. ಕೊಡಬಹುದೇ? – ಓದುಗ, ರೋಣ

ಉತ್ತರ: ಕೊಡಬೇಡಿ. ಲೈಸೆನ್ಸಿನಲ್ಲಿ ನಿಮ್ಮ ಹೆಸರಿದ್ದ ಮೇಲೆ ಅಲ್ಲಿ ಕೊಡುವ ಪ್ರತಿಯೊಂದು ಮಾತ್ರೆಗೂ ನೀವೇ ಹೊಣೆ. ಎಂಟನೇ ಕ್ಲಾಸು ಓದಿದ ಹುಡುಗ ಚೀಟಿ ತಪ್ಪಾಗಿ ಓದಿ ಸಕ್ಕರೆ ಕಾಯಿಲೆಯ ಔಷಧವನ್ನು ಬೇರೆ ಯಾರಿಗೋ ಕೊಟ್ಟರೆ, ಇಲಾಖೆಯವರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ನೋಂದಣಿಯಿಂದ ಹೆಸರು ತೆಗೆದುಹಾಕುವ ಅಧಿಕಾರ ಕೌನ್ಸಿಲ್‌ಗೆ ಇದೆ. ಅದೇ ಅಂಗಡಿಯವರಿಗೆ ‘ಸಂಬಳ ಕೊಡಿ, ನಾನೇ ಬಂದು ಕೂರುತ್ತೇನೆ’ ಅಂತ ಹೇಳಿ ನೋಡಿ. ಒಪ್ಪದಿದ್ದರೆ ಗದಗದಲ್ಲಿ ಬೇರೆ ಅಂಗಡಿ ಇಲ್ಲವೇ? ಬಿ.ಫಾರ್ಮ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಲ್ಯಾಟರಲ್ ಎಂಟ್ರಿಯ ದಾರಿಯೂ ನಿಮಗಿದೆ. ಅರ್ಜಿ ಕರೆದಾಗ ಕೆಇಎ ವೆಬ್‌ಸೈಟ್ ನೋಡುತ್ತಿರಿ.