ಪೇಸ್‌ಮೇಕರ್ ಇದ್ದವರಿಗೆ ಸ್ಕ್ಯಾನರ್ ಕಡ್ಡಾಯವೇ?

ಡೊಂಬಿವಲಿಯಿಂದ ಅಮ್ಮ ಅಮೆರಿಕಕ್ಕೆ ಹೊರಟಿದ್ದಾರೆ, ಪೇಸ್‌ಮೇಕರ್ ಇದೆ, ಫುಲ್ ಬಾಡಿ ಸ್ಕ್ಯಾನರ್ ಬೇಡ ಅನ್ನಬಹುದಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಅನ್ನಬಹುದು. ಅಲ್ಲಿಂದ ವಾಪಸ್ ಹೊರಡುವಾಗ ಟಿಎಸ್‌ಎಯವರಿಗೆ (ಅಲ್ಲಿನ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯವರು) ಬೇಡ ಅಂದರೆ ಮಹಿಳಾ ಸಿಬ್ಬಂದಿಯೇ ಕೈಯಿಂದ ತಪಾಸಣೆ ಮಾಡ್ತಾರೆ. ಪ್ರತ್ಯೇಕ ಕೋಣೆ ಕೇಳಬಹುದು, ಜೊತೆಗೊಬ್ಬರು ಇರಬಹುದು. ಅಂದಹಾಗೆ, ಜನ ಹೆದರುತ್ತಿದ್ದ ಎಕ್ಸ್-ರೇ ಯಂತ್ರಗಳನ್ನು ಅಲ್ಲಿ 2013ರಲ್ಲೇ ತೆಗೆದಾಯ್ತು. ಈಗಿನವು ಎಕ್ಸ್-ರೇ ಅಲ್ಲ, ಮಿಲಿಮೀಟರ್ ತರಂಗದವು (ಒಂದು ಬಗೆಯ ರೇಡಿಯೋ ತರಂಗ), ನನ್ನ ಪ್ರಕಾರ ಭಯಪಡುವಂಥದ್ದೇನಿಲ್ಲ.

ಮುಂಬಯಿಯಲ್ಲಿ ವಿಮಾನ ನಿಲ್ದಾಣದ ಭದ್ರತೆ ನೋಡಿಕೊಳ್ಳುವ ಸಿಐಎಸ್‌ಎಫ್ ಸಿಬ್ಬಂದಿಗೆ ಮೊದಲೇ ಪೇಸ್‌ಮೇಕರ್ ಕಾರ್ಡ್ ತೋರಿಸಲಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಹತ್ತಿರ ಹೆಚ್ಚು ಹೊತ್ತು ಹಿಡಿಯಬೇಡಿ ಅಂತಲೂ ಹೇಳಲಿ. ಹಿಂದಿ ಬಾರದಿದ್ದರೆ ಚೀಟಿ ಬರೆದುಕೊಡಿ. ಕಾರ್ಡು ಮಾತ್ರ ಕೈಚೀಲದಲ್ಲೇ ಇರಲಿ. ನಮ್ಮತ್ತೆಯದು ಸೂಟ್‌ಕೇಸಿನ ಜೊತೆ ಚೆಕ್-ಇನ್ ಆಗಿಹೋಗಿತ್ತು!